ಸ್ಥಾನಿಯೂ ಆದೇಶವೂ

ಈಗಿನ ತರುಣರಲ್ಲಿ ಅನೇಕರು ನೌಕರಿಯನ್ನು ಅರಸದೆ ತಾವೇ ಹೊಸ ಉದ್ಯಮಗಳನ್ನು ಹೂಡುತ್ತಿರುವರು. ಸ್ಟಾರ್ಟಪ್ ಎಂಬ ಮಾತು ಮನೆಮನೆಯಲ್ಲಿಯೂ ಬಳಕೆಗೆ ಬಂದಿದೆ. ತಂದೆಯು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಮಗನ ಕೈಗೆ ಕೊಟ್ಟಿರುತ್ತಾನೆ. ತಾಯಿಯ ಒಡವೆಯೂ ಕೆಲವೆಡೆ ಅದರಲ್ಲಿ ಸೇರಿರುವುದುಂಟು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮಗನು, ‘ಮೊದಲಿನ ಯೋಜನೆ ಸಾಗದು, ಮಾರ್ಪಡಿಸಬೇಕು’ ಎನ್ನುತ್ತಾನೆ. ಹಿರಿಯರಿಗೆ ಇದು ಚಾಂಚಲ್ಯವೆಂದು ತೋರುತ್ತದೆ. ಚಾಂಚಲ್ಯವೋ ವಿವೇಕವೋ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ?

ವ್ಯಾಕರಣಶಾಸ್ತ್ರದಲ್ಲಿ ಇದಕ್ಕೊಂದು ಒರೆಗಲ್ಲುಂಟು. (ವ್ಯಾಕರಣವೆಂದೊಡನೆ ಪುಟ ತಿರುವುವ ವಾಚಕರು ಒಂದು ಕ್ಷಣ ಸೈರಿಸಬೇಕು, ಮುಂದೆ ಇಡ್ಲಿಯ ಪ್ರಸ್ತಾಪವಿದೆ.) ಯಾವುದು ತೊಲಗುವುದೋ ಅದು ಸ್ಥಾನಿ, ಅದರ ಎಡೆಗೆ ಬರುವುದು ಆದೇಶ. ‘ಅಸ್’ ಎಂಬ ಧಾತುವಿನ ಎಡೆಯಲ್ಲಿ, ಕೆಲವು ಪ್ರತ್ಯಯಗಳು ಪರವಾದಾಗ, ‘ಭೂ’ ಬರುತ್ತದೆ. ಎರಡಕ್ಕೂ ಒಂದಕ್ಷರದ ಹೋಲಿಕೆಯಿಲ್ಲ. ಆದರೂ ಬಂದದ್ದು ಹೋದದ್ದರ ಕಾರ್ಯವನ್ನು ವಹಿಸುವುದರಿಂದ ಪಾಣಿನಿಯು ಅದನ್ನು ಧಾತುವೆಂದೇ ಎಣಿಸುತ್ತಾನೆ. ಮಗನನ್ನು ಕೇಳತಕ್ಕದ್ದೂ ಇದೇ: ‘ಏನನ್ನು ಬಿಡುತ್ತೀಯೆ’ ಎಂದಲ್ಲ, ‘ಬಿಟ್ಟದ್ದರ ಕಾರ್ಯವನ್ನು ಯಾವುದು ಮಾಡುತ್ತದೆ’ ಎಂದು.

ಉಡುಪಿಯ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಸಣ್ಣ ಉಪಾಹಾರಗೃಹವನ್ನು ತೆರೆದರು. ಇಂದು ಎಂ.ಟಿ.ಆರ್. ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೂಲ ಇದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿಯದು? ಆಗ ಅಕ್ಕಿಯ ಎಡೆಗೆ ರವೆಯನ್ನು ತಂದು ರವೆ ಇಡ್ಲಿಯನ್ನು ಮಾಡಿದವರು ತಾವೇ ಎಂದು ಆ ಮನೆಯವರು ಹೇಳುವರು. ರುಬ್ಬುವ ಕೆಲಸ ಹೋಯಿತು. ರಾತ್ರಿಯೆಲ್ಲ ಹಿಟ್ಟು ಹುದುಗುವ ಕ್ರಮವೂ ಹೋಯಿತು. ಹುರಿದ ರವೆಗೆ ಮೊಸರು ಸೋಡಾ ಬೆರೆಸಿ ಒಗ್ಗರಣೆ ಕೊಟ್ಟದ್ದಾಯಿತು. ಬೆಳಿಗ್ಗೆ ಹಬೆಯಲ್ಲಿ ಬೆಂದ ಹಗುರವಾದ ತಿಂಡಿಯನ್ನು ಬಯಸಿ ಬಂದವನಿಗೆ ಅದು ದೊರೆಯಿತು. ಅಕ್ಕಿ ಮರಳಿ ಬಂದ ಮೇಲೂ ರವೆ ಇಡ್ಲಿ ಎಲೆಯಿಂದ ಏಳಲಿಲ್ಲ!

ಹೆಸರಿನ ವಿಷಯ ಇನ್ನೂ ವಿಚಾರಾರ್ಹವಾದುದು. ಹೊರಗೆ ಉಣ್ಣಲು ಜನ ಶಂಕಿಸುತ್ತಿದ್ದ ಕಾಲದಲ್ಲಿ ಹಲಗೆಯ ಮೇಲಣ ಜಾತಿಯ ಹೆಸರು ಗಿರಾಕಿಗಳಲ್ಲಿ ಒಂದು ವರ್ಗಕ್ಕೆ ಶುಚಿತ್ವದ ಭರವಸೆಯಾಗಿದ್ದಿತೆಂದು ನಮಗೆ ತೋರುತ್ತದೆ. ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟಲುಗಳ ನೈರ್ಮಲ್ಯವನ್ನು ಕಂಡು ಬಂದು, ಇಲ್ಲಿಯೂ ಅಂಥ ಕಟ್ಟುನಿಟ್ಟನ್ನು ತಂದರು. ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ಮರೆಮಾಡಲಿಲ್ಲ. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಹಲಗೆಯು ಹೇಳುತ್ತಿದ್ದುದನ್ನು ಅಡಿಗೆಮನೆಯೇ ಹೇಳತೊಡಗಿತು; ಹಳೆಯದಕ್ಕಿಂತ ಈ ಆದೇಶವೇ ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು, ಏಕೆಂದರೆ ಇದನ್ನು ಯಾವ ಕುಲದವನೂ ಕಣ್ಣಾರೆ ಪರೀಕ್ಷಿಸಬಹುದು.

ಕಠಿನ ಪರೀಕ್ಷೆ ಬಂದುದು 1975ರ ತುರ್ತುಪರಿಸ್ಥಿತಿಯಲ್ಲಿ. ತಿಂಡಿಗಳಿಗೆ ಸರಕಾರವು ಬಹಳ ಕಡಿಮೆಯ ದರ ಕಟ್ಟಿತು. ತುಪ್ಪ ಕಡಿಮೆ ಮಾಡಿ, ಕಾಫಿಯನ್ನು ತೆಳುವಾಗಿಸಿ, ಹಲಗೆಯನ್ನು ಹಾಗೆಯೇ ಉಳಿಸಿಕೊಳ್ಳುವ ದಾರಿಯೊಂದಿತ್ತು. ಹಾಗೆ ಮಾಡಿದ್ದರೆ ರೂಪವೆಲ್ಲ ಉಳಿದು ಕಾರ್ಯವೊಂದೇ ಹೋಗುತ್ತಿತ್ತು. ಯೋಜನೆ ಬದಲಾಗಲಿಲ್ಲವೆಂದು ಹಿರಿಯರು ಮೆಚ್ಚಲೂಬಹುದಾಗಿತ್ತು! ಮಯ್ಯರು ಬೇರೆ ದಾರಿ ಹಿಡಿದರು: ರವೆ ಇಡ್ಲಿ ಮೊದಲಾದವುಗಳ ಸಿದ್ಧ ಮಿಶ್ರಣವನ್ನು ಪೊಟ್ಟಣಗಳಲ್ಲಿ ಮಾರತೊಡಗಿದರು.

ಸ್ಥಾನಿಯ ಧರ್ಮವೆಲ್ಲವೂ ಆದೇಶಕ್ಕೆ ಬರುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ವಿಧಿಯು ಅಕ್ಷರವನ್ನೇ ಅವಲಂಬಿಸಿದ ಕಡೆ ಪಾಣಿನಿಯು ಆ ಸೌಕರ್ಯವನ್ನು ತಡೆದಿದ್ದಾನೆ. ಪೊಟ್ಟಣಕ್ಕೂ ಹಾಗೆಯೇ. ಅಳತೆಯೂ ಹದವೂ ಅದರೊಳಗೆ ಹೋದವು. ಹಬೆಯ ಬಿಸಿ ಹೋಗಲಿಲ್ಲ. ಅದನ್ನು ಗೃಹಿಣಿಯೇ ಒದಗಿಸಬೇಕಾಯಿತು. ಪೊಟ್ಟಣ ಕೊಂಡು ಹೋಟಲಿನ ರುಚಿ ಬರಲಿಲ್ಲವೆಂದು ಗೊಣಗುವವರು ಒಲೆಯನ್ನೂ ಸ್ವಲ್ಪ ವಿಚಾರಿಸಿಕೊಳ್ಳಬೇಕು.

ಕೊನೆಗೆ ಆದೇಶವು ಸ್ಥಾನಿಗಿಂತ ದೊಡ್ಡದಾಗಿ ಬೆಳೆಯಿತು. ಪೊಟ್ಟಣಗಳ ವ್ಯವಹಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಕೊಂಡುಕೊಂಡಿತು. ಹೋಟಲು ಮಯ್ಯರ ಮನೆತನದಲ್ಲಿಯೇ ಉಳಿಯಿತು.