ಕೇಳಿದ್ರೆ ದೇವ್ರು ಸಿಟ್ಟಾಗ್ತ್ನಾ?

ಯಂಗ್ಳ ಕಡೆ ಒಂದು ಮಾತಿದ್ದು, "ಹಂಗೆಲ್ಲ ಕೇಳಲಾಗ". ಏಕಾದಶಿಗೆ ಎಂತಕ್ಕೆ ಅನ್ನ ಉಂಬಲಾಗ? ಕೇಳಲಾಗ. ಸಣ್ಣ ಹುಡ್ರಿಗೆ ಹೇಳಿದ್ರೆ ಅಡ್ಡಿಲ್ಲೆ, ಅವು ಮರ್ತು ಆಡಲೆ ಹೋಗ್ತ. ದುಃಖದಲ್ಲಿ ಇದ್ದವ್ಕೆ ಇದೇ ಮಾತು ಹೇಳಿ ಬಾಯಿ ಮುಚ್ಚಿಸದು ಮಾತ್ರ ಯಂಗೆ ಒಪ್ಪಿಗೆ ಇಲ್ಲೆ.

ಹೋದ ವರ್ಷ ಯನ್ನ ತಂಗಿ ಮಗಳ ಗಂಡ ತೀರಿಹೋದ. 34 ವರ್ಷ. ಮೂರು ವರ್ಷದ ಮಾಣಿ ಬೇರೆ. ಜನ ಎಲ್ಲ ಮಾತಾಡ್ಸಲೆ ಬಂದು ಜಗಲಿ ಮೇಲೆ ಕೂತಿದ್ದಾಗ ಕೂಸು ಕೇಳ್ಚು, "ದೇವ್ರು ಇದ್ದಿದ್ರೆ ಹಿಂಗೆ ಮಾಡ್ತಿದ್ನಾ?" ಒಬ್ರು ಪೂರ್ವಜನ್ಮದ ಕರ್ಮ ಹೇಳಿದ, ಒಬ್ರು ನಾಗದೋಷ ಹೇಳಿದ, ಮತ್ತೊಬ್ರು ದೇವ್ರಿಗೆ ಬೈಯಲಾಗ ಸುಮ್ನಿರು ಹೇಳಿದ. ಯಾರ ಕರ್ಮ? ಆ ಕೂಸಿಂದಾ, ಮಾಣಿದಾ? ಹೇಳಿದವು ಆಸ್ರಿ ಕುಡ್ಕಂಡು ಮನೆಗೆ ಹೋದ. ಅದ್ಕೆ ಜನ್ಮಪೂರ್ತಿ ಹೊರೆ.

ಪಕ್ಕದ ಮನೆ ಅಕ್ಕೋರು ಕ್ಯಾಥೋಲಿಕ್ಕರು, ಶಾಲೆಯಿಂದ ರಿಟೈರ್ ಆದವು. ಅವೂ ಬಂದಿದ್ದ. ಅದ್ರ ಕೈ ಹಿಡ್ಕಂಡು ಅವು ಹೇಳಿದ್ದು ಇಷ್ಟೇ: "ಕೇಳು ತಂಗಿ. ನಮ್ಮ ಯೇಸುಸ್ವಾಮಿನೇ ಶಿಲುಬೆ ಮೇಲಿಂದ ಯಾಕೆ ಕೈಬಿಟ್ಟೆ ಅಂತ ದೇವರನ್ನ ಕೇಳಿದಾರೆ. ನೀ ಕೇಳಿದ್ರೆ ತಪ್ಪೇನು?" ಕೂಸು ಅವತ್ತೇ ಮೊದ್ಲು ಬಾಯಿ ಬಿಟ್ಟು ಅತ್ತಿದ್ದು.

ಆಮೇಲೆ ಬೇಲಿ ಹತ್ರ ನಿಂತು ಸುಮಾರು ಸಲ ಇದೇ ಮಾತಾತು. 1998ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಶ್ವಾಸ ಮತ್ತು ವಿಚಾರದ ಬಗ್ಗೆ ಬಿಷಪ್ಪರಿಗೆಲ್ಲ ಒಂದು ದೊಡ್ಡ ಪತ್ರ ಬರೆದಿದ್ದ. 'ಫಿದೆಸ್ ಎತ್ ರಾತ್ಸಿಯೊ' ಹೇಳಿ ಲ್ಯಾಟಿನ್ ಹೆಸ್ರು. ಆನು ಯಾರು, ಎಲ್ಲಿಂದ ಬಂದಿ, ಕೆಟ್ಟದ್ದು ಎಂತಕ್ಕಿದ್ದು, ಸತ್ತಮೇಲೆ ಎಂತದು, ಈ ಪ್ರಶ್ನೆ ಎಲ್ಲ ದೇಶದ ಮನುಷ್ಯರಿಗೂ ಬಪ್ಪದೇ ಹೇಳ್ತ ಅದ್ರಲ್ಲಿ. ನಮ್ಮ ವೇದ, ಬುದ್ಧ, ತೀರ್ಥಂಕರರ ಹೆಸ್ರೂ ಶುರುವಿನಲ್ಲೇ ಇದ್ದು. ವಿಚಾರ ಬಿಟ್ಟ ವಿಶ್ವಾಸ ಮೂಢನಂಬಿಕೆ ಆಗ್ತು, ವಿಶ್ವಾಸ ಬಿಟ್ಟ ವಿಚಾರ ದಾರಿ ತಪ್ತು ಹೇಳದು ಅದ್ರ ಸಾರ. ರೋಮಿನಲ್ಲಿ ಕೂತವಕ್ಕೆ ವೇದದ ಪ್ರಶ್ನೆ ನೆನಪಿದ್ದು, ಯಂಗ್ಳ ಜಗಲಿ ಮೇಲೆ ಕೇಳಲಾಗ!

ಹೆಣ್ಮಕ್ಕ ಕೇಳಲಾಗ ಹೇಳವ್ಕೆ ಗಾರ್ಗಿ ಕಥೆ ಗೊತ್ತಿರವು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಅದು ಒಂದರ ಮೇಲೊಂದು ಕೇಳ್ತಾ ಹೋದಾಗ, ಇನ್ನು ಕೇಳಿದ್ರೆ ತಲೆ ಉದುರ್ತು ಹೇಳಿ ಯಾಜ್ಞವಲ್ಕ್ಯ ನಿಲ್ಲಿಸ್ತ. ಚೂರು ಹೊತ್ತು ಸುಮ್ನಿದ್ದು, ಅದೇ ಸಭೆಲಿ ಮತ್ತೆ ಎದ್ದು ಇನ್ನೆರಡು ಪ್ರಶ್ನೆ ಕೇಳಿದ್ದು. ತಲೆ ಎಂತೂ ಉದುರಿದ್ದಿಲ್ಲೆ.

ಕೇಳಿದ್ರೆ ನಂಬಿಕೆ ಹೋಗ್ತು ಹೇಳಿ ಹೆದರಿಕೆ ಇದ್ರೆ ಶಿರಸಿ ಮಾರಿಕಾಂಬೆ ಜಾತ್ರೆ ನೋಡಿ. ಮೊದ್ಲು ಅಲ್ಲಿ ಕೋಣನ ಬಲಿ ಇದ್ದಿತ್ತು. 1930ರ ದಶಕದಲ್ಲಿ, ಗಾಂಧೀಜಿ ಕರ್ನಾಟಕ ತಿರುಗಿದ ಕಾಲಕ್ಕೆ, ದೇವಿಗೆ ರಕ್ತ ಎಂತಕ್ಕೆ ಬೇಕು ಹೇಳಿ ಊರವ್ವೇ ಕೇಳಿದ. ಬಲಿ ನಿಂತೋತು. ಅಮ್ಮ ಎಲ್ಲೂ ಹೋಯ್ದಿಲ್ಲೆ. ಎರಡು ವರ್ಷಕ್ಕೊಂದ್ಸಲ ಜಾತ್ರೆ ಆಗ್ತು, ಯಂಗನೂ ಉಡಿ ತುಂಬಿ, ಬಳೆ ತಗಂಡು ಬತ್ಯ.

ಅಕ್ಕೋರು ಹೇಳಿದ್ದೆಲ್ಲ ಯಂಗೆ ಒಪ್ಪಿಗೆ ಹೇಳಿ ಅಲ್ಲ. ಎಲ್ಲದಕ್ಕೂ ದೇವರ ಯೋಜನೆ ಇರುತ್ತೆ ಹೇಳ್ತ ಅವು. 34ರ ಮಾಣಿ ಸಾವು ಯಾವ ಯೋಜನೆಲಿ ಬತ್ತು ಹೇಳಿ ಆನು ಇನ್ನೂ ಕೇಳ್ತಾ ಇದ್ದಿ. ಅವು ಬೇಜಾರು ಮಾಡ್ಕತ್ವಿಲ್ಲೆ.

ಬಪ್ಪ ತಿಂಗಳು ವರ್ಷಾಂತ. ಕೂಸು ಒಂದೊಂದಿನ ದೇವ್ರ ಮುಂದೆ ದೀಪ ಹಚ್ತು, ಒಂದೊಂದಿನ ಹಚ್ತಿಲ್ಲೆ. ಎಲ್ಲರೂ ಬನ್ನಿ, ಊಟ ಮಾಡಿ. ನಾಗದೋಷದ ಸುದ್ದಿ ಮಾತ್ರ ತರಡಿ.