ಒಂದೇ ಟ್ರೈನು, ಐದಾರು ಕೋರ್ಸು, ಟೀಮ್ ಮಾತ್ರ ಇಲ್ಲ

(1/5)
ಶನಿವಾರ ಸಂಜೆ ಶಿವಮೊಗ್ಗ ಕಡೆಯಿಂದ ಬರೋ ಟ್ರೈನ್ ಒಂದ್ಸಲ ನೋಡಿ. ನಮ್ಮ ಪಿಯುಸಿ ಸೈನ್ಸ್ ಬ್ಯಾಚ್ ಅರ್ಧ ಅದರಲ್ಲೇ ಇರುತ್ತೆ. ತರೀಕೆರೆಯವರು ಮೊದಲು ಇಳೀತಾರೆ. ಅಜ್ಜಂಪುರದವರು ಬೀರೂರಲ್ಲಿ ಇಳಿದು ಹುಬ್ಬಳ್ಳಿ ಲೈನಿನ ಗಾಡಿಗೆ ಕಾಯ್ತಾರೆ. ಉಳಿದವರು ಕಡೂರು. ನಾನು ಬಿಕಾಂ, ಓದೋದು ಊರಲ್ಲೇ. ಬಿಎಸ್ಸಿ ನರ್ಸಿಂಗ್ ಓದ್ತಿರೋ ಚಿಕ್ಕಪ್ಪನ ಮಗಳನ್ನ ಕರ್ಕೊಂಡು ಬರೋಕೆ ಬೈಕ್ ತಗೊಂಡು ಸ್ಟೇಷನ್ನಿಗೆ ಹೋಗ್ತೀನಿ.

ಒಂದೇ ಬೋಗಿಯಲ್ಲಿ ಎಂಬಿಬಿಎಸ್, ನರ್ಸಿಂಗ್, ಬಿಫಾರ್ಮ, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ, ಆಯುರ್ವೇದ, ಎಲ್ಲರೂ ಇರ್ತಾರೆ. ರೀಲ್ಸ್ ಒಟ್ಟಿಗೆ ನೋಡ್ತಾರೆ, ಮಂಡಕ್ಕಿ ಒಟ್ಟಿಗೆ ತಿಂತಾರೆ. ಆದ್ರೆ ಓದಿದ್ದನ್ನ ಇಟ್ಕೊಂಡು ಒಟ್ಟಿಗೆ ಒಂದು ಕೆಲಸ ಮಾಡಿದ್ದು ಇದುವರೆಗೂ ನಾನು ನೋಡಿಲ್ಲ. ಇವತ್ತಿನ ಸೀರೀಸ್ ಅದರ ಬಗ್ಗೆನೇ.

(2/5)
ಯಾಕೆ ಇದು ನಂಗೆ ತಲೆಗೆ ಹತ್ತಿತು ಅಂದ್ರೆ, ನಮ್ಮಜ್ಜಿ.

ಅಜ್ಜಿಗೆ ಬಿಪಿ ಇದೆ. ಮಂಡಿನೋವೂ ಇದೆ. ಬಿಪಿಗೆ ಒಂದು ಕಡೆ ತೋರಿಸ್ತಾರೆ, ಮಂಡಿಗೆ ಇನ್ನೊಂದು ಕಡೆ. ನೋವು ಜಾಸ್ತಿ ಆದಾಗ ಪೇಟೆಗೆ ಹೋದವರ ಕೈಲಿ ಮಾತ್ರೆ ತರಿಸ್ಕೊಳ್ತಾರೆ. ಎಲ್ಲಾ ಒಂದು ಬಟ್ಟೆ ಅಂಗಡಿ ಕವರಲ್ಲಿ. ಕಳೆದ ದೀಪಾವಳಿ ರಜೆಯಲ್ಲಿ ತಂಗಿ ಬಿಪಿ ನೋಡಿದ್ಲು, ಮಾತ್ರೆ ತಗೊಂಡ್ರೂ ಜಾಸ್ತಿನೇ. ಮೂರು ದಿನ ಬೆಳಗ್ಗೆ ಸಂಜೆ ನೋಡಿ ಬರೆದಿಟ್ಲು. ನಾಲ್ಕನೇ ದಿನ ನನ್ನ ಬಿಫಾರ್ಮ ಫ್ರೆಂಡ್ ಮನೆಗೆ ಬಂದಿದ್ದ. ಸುಮ್ನೆ ಆ ಕವರ್ ಸುರಿದು ನೋಡಿದ. ಒಂದು ಸ್ಟ್ರಿಪ್ ಡೈಕ್ಲೋಫೆನಾಕ್, ಇನ್ನೊಂದು ಅಸಿಕ್ಲೋಫೆನಾಕ್. ಕಂಪನಿ ಬೇರೆ, ಬಣ್ಣ ಬೇರೆ, ಆದ್ರೆ ಎರಡೂ ಒಂದೇ ಜಾತಿಯ ನೋವಿನ ಮಾತ್ರೆ. ಈ ಜಾತಿಯವು ಬಿಪಿ ಏರಿಸಬಹುದು, ಹೊಟ್ಟೆಗೆ, ಕಿಡ್ನಿಗೆ ತೊಂದರೆ ಕೊಡಬಹುದು. ಅಜ್ಜಿ ಎರಡನ್ನೂ ನುಂಗ್ತಿದ್ರು. "ಒಂದು ಎಡಗಾಲಿಗೆ, ಒಂದು ಬಲಗಾಲಿಗೆ ಅಂದ್ಕೊಂಡಿದ್ದೆ ಕಣಪ್ಪಾ" ಅಂದ್ರು. ನಕ್ಕೆವು, ಆಮೇಲೆ ಯಾರಿಗೂ ನಗು ಬರಲಿಲ್ಲ.

ಬಿಪಿ ಚೀಟಿ, ಮಾತ್ರೆ ಪಟ್ಟಿ ಎರಡನ್ನೂ ಡಾಕ್ಟ್ರಿಗೆ ತೋರಿಸಿದ್ವಿ. ಅವರು ನೋವಿನ ಮಾತ್ರೆ ಎರಡನ್ನೂ ನಿಲ್ಲಿಸಿ, ಬೇರೆ ಕೊಟ್ಟು, ರಕ್ತ ಪರೀಕ್ಷೆ ಬರೆದುಕೊಟ್ರು. ಅಜ್ಜಿ ಈಗ ಪರವಾಗಿಲ್ಲ.

ಇಲ್ಲಿ ಯಾರದ್ದೂ ತಪ್ಪು ಅಂತ ಬೆರಳು ತೋರಿಸೋಕೆ ಆಗಲ್ಲ. ಒಬ್ಬೊಬ್ಬರೂ ಅವರವರ ಪಾಲಿಂದು ನೋಡಿದ್ರು. ಪೂರ್ತಿ ಕವರ್ ಯಾರೂ ನೋಡಲಿಲ್ಲ ಅಷ್ಟೇ. ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಕ್ಯಾಶ್ ಬುಕ್ ಸರಿ ಇರುತ್ತೆ, ಪಾಸ್ ಬುಕ್ ಸರಿ ಇರುತ್ತೆ, ಎರಡನ್ನೂ ಪಕ್ಕಪಕ್ಕ ಇಡೋ ತನಕ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಅಲ್ವಾ ನಾವು ಬಿಆರ್‌ಎಸ್ ಮಾಡೋದು?

(3/5)
"ಇದೆಲ್ಲಾ ದೊಡ್ಡವರ ಕೆಲಸ ಗುರು, ಸ್ಟೂಡೆಂಟ್ಸ್ ಕೈಲಿ ಏನಾಗುತ್ತೆ" ಅಂತೀರಾ? ಸ್ವಲ್ಪ ಕೇಳಿ.

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದ್ರು. ಅವರೂ ಆಗ ನಮ್ಮ ವಯಸ್ಸಿನ ಹುಡುಗರೇ. ಆಮೇಲೆ ಎಚ್.ಡಿ. ಕೋಟೆ ಕಾಡಂಚಿನ ಹಾಡಿಗಳ ಜನರ ಜೊತೆ ಕೆಲಸ ಮಾಡಿದ್ರು, ಸರಗೂರಲ್ಲಿ ಆಸ್ಪತ್ರೆ ಕಟ್ಟಿದ್ರು.

ಸ್ವೀಡನ್ನಿನ ಲಿನ್‌ಶೋಪಿಂಗ್ ಅನ್ನೋ ಊರಿನ ಯೂನಿವರ್ಸಿಟಿಯಲ್ಲಿ 1986ರಿಂದಲೇ ಮೆಡಿಕಲ್, ನರ್ಸಿಂಗ್, ಫಿಸಿಯೋ ಹುಡುಗರಿಗೆ ಕೆಲವು ಪಾಠ ಒಟ್ಟಿಗೆ. 1996ರಲ್ಲಿ ಒಂದು ವಾರ್ಡನ್ನೇ ಇವರ ಟೀಮಿಗೆ ಬಿಟ್ಟುಕೊಟ್ರು, ಮೇಲೆ ಟೀಚರ್ಸ್ ನಿಗಾ ಇಟ್ಟು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೂ ಇದನ್ನೇ ಹೇಳಿತು: ಮುಂದೆ ಒಟ್ಟಿಗೆ ಕೆಲಸ ಮಾಡಬೇಕಾದವರು ಓದುವಾಗಲೇ ಒಬ್ಬರಿಂದ ಒಬ್ಬರು ಕಲೀಬೇಕು.

ನಮ್ಮಲ್ಲಿ? ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ 1996ರಿಂದ ಇದೆ. ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋ, ಆಯುರ್ವೇದ ಎಲ್ಲಾ ಅದರ ಕೆಳಗೇ. ಸೂರು ಒಂದೇ, ಕೋಣೆ ಬೇರೆ ಬೇರೆ. ಎಂಬಿಬಿಎಸ್‌ನವರು ಹಳ್ಳಿಯಲ್ಲಿ ಕುಟುಂಬ ದತ್ತು ತಗೊಳ್ಳೋ ಕಾರ್ಯಕ್ರಮ ಸಿಲೆಬಸ್‌ನಲ್ಲೇ ಇದೆ. ನರ್ಸಿಂಗ್‌ನವರಿಗೆ ಕಮ್ಯುನಿಟಿ ಪೋಸ್ಟಿಂಗ್ ಇದೆ. ಇವರು ಒಂದು ದಿನ ಹೋಗ್ತಾರೆ, ಅವರು ಇನ್ನೊಂದು ದಿನ. ಇಬ್ಬರೂ ಒಂದೇ ದಿನ ಒಂದೇ ಜಗಲಿ ಮೇಲೆ ಕೂತ್ಕೊಂಡ್ರೆ ಏನು ನಷ್ಟ?

(4/5)
ಕಾಲೇಜು ಬದಲಾಗಲಿ ಅಂತ ಕಾಯ್ತಾ ಕೂತರೆ ನಮ್ಮ ಕೋರ್ಸೇ ಮುಗಿದು ಹೋಗುತ್ತೆ. ಸಿಲೆಬಸ್ ಹೊರಗೆ ನಾವೇ ಶುರು ಮಾಡೋಣ ಅನ್ನೋದು ನನ್ನ ವಾದ. ತಿಂಗಳಿಗೆ ಒಂದು ಭಾನುವಾರ, ನಾಲ್ಕು ಗಂಟೆ. ಒಂದು ತಿಂಗಳು ಕಡೂರು, ಒಂದು ತಿಂಗಳು ತರೀಕೆರೆ, ಒಂದು ತಿಂಗಳು ಅಜ್ಜಂಪುರ ತಾಲ್ಲೂಕಿನ ಒಂದೊಂದು ಹಳ್ಳಿ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರನ್ನ, ಆಶಾ ಅಕ್ಕನ್ನ ಕೇಳಬೇಕು. ಊರಲ್ಲಿ ಯಾರಿಗೆ ಏನು ಅಂತ ಆಶಾ ಅಕ್ಕನಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ನರ್ಸಿಂಗ್‌ನವರು ಬಿಪಿ ನೋಡಲಿ. ಫಾರ್ಮಸಿಯವರು ಮಾತ್ರೆ ಕವರ್ ಬಿಚ್ಚಿ ಪಟ್ಟಿ ಮಾಡಲಿ. ಆಯುರ್ವೇದದವರು ಕಷಾಯ, ನಾಟಿ ಔಷಧಿ ಏನು ತಗೊಳ್ತಿದ್ದಾರೆ ಕೇಳಲಿ, ಅವರು ಕೇಳಿದ್ರೆ ಜನ ಮುಚ್ಚಿಡದೆ ಹೇಳ್ತಾರೆ. ಫಿಸಿಯೋದವರು ಎದ್ದು ಕೂರೋದು, ನಡೆಯೋದು ನೋಡಲಿ. ಲ್ಯಾಬ್‌ನವರು ಹಳೇ ರಿಪೋರ್ಟ್ ತಾರೀಖಿನ ಪ್ರಕಾರ ಜೋಡಿಸಲಿ. ಎಂಬಿಬಿಎಸ್‌ನವರು ಎಲ್ಲಾ ಸೇರಿಸಿ ಒಂದು ಹಾಳೆ ಬರೀಲಿ. ಆ ಹಾಳೆ ರೋಗಿ ಕೈಲೇ ಅವರ ಡಾಕ್ಟ್ರ ಹತ್ರ ಹೋಗಲಿ.

ಅಜ್ಜಂಪುರಕ್ಕೆ ಹೋದಾಗ ಶಿವಮೊಗ್ಗ ವೆಟರ್ನರಿ ಕಾಲೇಜಿನ ಫ್ರೆಂಡ್ಸನ್ನೂ ಕರೀಬೇಕು. ಅಮೃತ್ ಮಹಲ್ ತಳಿ ಕೇಂದ್ರ ಇರೋ ಊರು, ದನ ಇಲ್ಲದ ಮನೆ ಕಮ್ಮಿ. ಹಸು ಕಂದು ಹಾಕಿದಾಗ ಬರಿಗೈಲಿ ಎತ್ತಿದ್ರೆ, ಹಾಲು ಕಾಯಿಸದೆ ಕುಡಿದ್ರೆ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಬರಬಹುದು. ಬಿಟ್ಟು ಬಿಟ್ಟು ಬರೋ ಜ್ವರಕ್ಕೆ ಕಾರಣ ಕೆಲವು ಸಲ ಕೊಟ್ಟಿಗೆಯಲ್ಲಿರುತ್ತೆ.

ನಾವು ಬಿಕಾಂನವರು? ರಿಜಿಸ್ಟರ್, ಲೆಕ್ಕ, ಮುಂದಿನ ತಿಂಗಳು ಯಾರಿಗೆ ಫೋನ್ ಮಾಡಬೇಕು ಅನ್ನೋ ಪಟ್ಟಿ. ಒಂದು ಕ್ಯಾಂಪ್ ಮಾಡೋದು ಸುಲಭ. ಹೋದ ತಿಂಗಳು ಹಾಳೆ ತಗೊಂಡ ಅಜ್ಜ ಡಾಕ್ಟ್ರ ಹತ್ರ ಹೋದ್ರಾ ಅಂತ ವಿಚಾರಿಸೋದು ಕಷ್ಟ. ಆ ಕಷ್ಟ ನಮ್ಮದಿರಲಿ.

(5/5)
ಮೂರು ಕಂಡೀಷನ್ ಇಟ್ಕೊಳ್ಳೋಣ.

ಒಂದು, ಔಷಧಿ ಕೊಡಬಾರದು, ನಿಲ್ಲಿಸಿ ಅಂತಾನೂ ಹೇಳಬಾರದು. ನಾವಿನ್ನೂ ಸ್ಟೂಡೆಂಟ್ಸ್. ನೋಡಿ, ಬರೆದು, ಡಾಕ್ಟ್ರ ಹತ್ರ ಕಳಿಸೋದಷ್ಟೇ. ನಮ್ಮಜ್ಜಿ ವಿಷಯದಲ್ಲೂ ಮಾತ್ರೆ ನಿಲ್ಲಿಸಿದ್ದು ಡಾಕ್ಟ್ರೇ.

ಎರಡು, ಲೀಡರ್ ಪ್ರತಿ ತಿಂಗಳು ಬದಲಾಗಬೇಕು. ಎಂಬಿಬಿಎಸ್ ಅಂದ ತಕ್ಷಣ ಎಲ್ಲರೂ ಸುಮ್ನಾಗೋದು, ನರ್ಸಿಂಗ್ ಹುಡುಗಿ ಕಂಡಿದ್ದನ್ನ ಹೇಳೋಕೆ ಹಿಂಜರಿಯೋದು, ಇದು ಆಸ್ಪತ್ರೆಯಲ್ಲಿ ಶುರುವಾಗೋ ರೋಗ ಅಲ್ಲ. ನಮ್ಮ ವಯಸ್ಸಲ್ಲೇ ಶುರುವಾಗುತ್ತೆ. ನಾಳೆ ವಾರ್ಡಲ್ಲಿ "ಸರ್, ಈ ಡೋಸ್ ಇನ್ನೊಂದ್ಸಲ ನೋಡ್ತೀರಾ" ಅಂತ ಕೇಳೋ ಧೈರ್ಯ, ಕೇಳಿಸ್ಕೊಳ್ಳೋ ತಾಳ್ಮೆ, ಎರಡೂ ಇವತ್ತು ಬಂದ್ರೆ ಮಾತ್ರ ಇರುತ್ತೆ.

ಮೂರು, ರೋಗಿಗಳ ಫೋಟೋ ಬೇಡ. ಹೌದು, ಫೋಟೋ ಹಾಕೋ ಆ್ಯಪಲ್ಲೇ ಇದನ್ನ ಹೇಳ್ತಿದ್ದೀನಿ 😅 ಬಾಳೆಹಣ್ಣು ಹಂಚಿ ಸ್ಟೋರಿ ಹಾಕೋದಕ್ಕೆ ಇದು ಬೇಡವೇ ಬೇಡ.

"ಇಂಟರ್ನಲ್ಸ್ ಇದೆ, ಟೈಮ್ ಇಲ್ಲ" ಅನ್ನೋರಿಗೆ: ನಿಜ, ನಿಮ್ಮ ಓದಿನ ಮುಂದೆ ನಮ್ಮದು ಏನೂ ಅಲ್ಲ. ಹಾಗಾದ್ರೆ ಈ ಭಾನುವಾರ ಊರಿಗೆ ಬಂದಾಗ ಇಷ್ಟು ಮಾಡಿ ಸಾಕು. ನಿಮ್ಮ ಅಜ್ಜಿ ಹತ್ರ ಮಾತ್ರೆ ಕವರ್ ಕೇಳಿ, ಬೇರೆ ಕೋರ್ಸಿನ ಒಬ್ಬ ಫ್ರೆಂಡನ್ನ ಮನೆಗೆ ಕರೆದು, ಇಬ್ಬರೂ ಕೂತು ಪಟ್ಟಿ ಮಾಡಿ.

ಕಾಮೆಂಟಲ್ಲಿ ಕೋರ್ಸು, ತಾಲ್ಲೂಕು ಎರಡೇ ಬರೀರಿ. ಆರು ಜನ ಆದ್ರೆ ಗ್ರೂಪ್ ಮಾಡ್ತೀನಿ. ಲೆಕ್ಕದ ಪುಸ್ತಕ ಈಗಾಗಲೇ ತಗೊಂಡಿದ್ದೀನಿ.

#ಕಡೂರು #ತರೀಕೆರೆ #ಅಜ್ಜಂಪುರ #ಅಜ್ಜಿಯಮಾತ್ರೆಕವರ್