ಗ್ರೂಪ್ ಡಿಸ್ಕಷನ್‌ನಲ್ಲಿ ಐನ್‌ಸ್ಟೀನ್ ಫೇಲ್!

ಮೂರನೇ ವರ್ಷದ ಬಿ.ಇ.ಗೆ ಕಾಲಿಟ್ಟ ಕೂಡಲೇ ನಮಗೆ ಮಾತನಾಡುವುದನ್ನು ಕಲಿಸಲು ಶುರು ಮಾಡುತ್ತಾರೆ. ಪ್ಲೇಸ್‌ಮೆಂಟ್ ತರಬೇತಿ ಎಂದು ಅದರ ಹೆಸರು. ಹತ್ತು ಮಂದಿಯನ್ನು ಸುತ್ತ ಕೂರಿಸಿ, ಒಂದು ವಿಷಯ ಕೊಟ್ಟು, ಹದಿನೈದು ನಿಮಿಷ ಬಿಡುತ್ತಾರೆ. ಮೊದಲು ಬಾಯಿ ತೆರೆದವನಿಗೆ ಅಂಕ. ನಡುವೆ ನುಗ್ಗಿ ಮಾತನ್ನು ತನ್ನ ಕಡೆ ತಿರುಗಿಸಿಕೊಂಡವಳಿಗೆ ಅಂಕ. ಕೊನೆಯಲ್ಲಿ ‘ಒಟ್ಟಾರೆ ಹೇಳುವುದಾದರೆ’ ಎಂದು ಉಳಿದವರ ಮಾತನ್ನೆಲ್ಲ ಬಾಚಿಕೊಂಡವರಿಗೆ ಇನ್ನೂ ಎರಡು ಅಂಕ. ಸುಮ್ಮನೆ ಕೇಳಿಸಿಕೊಂಡವರಿಗೆ ಸೊನ್ನೆ. ‘ನೀನು ಹೇಳಿದ್ದು ಸರಿ, ನಾನು ಹಾಗೆ ಯೋಚಿಸಿಯೇ ಇರಲಿಲ್ಲ’ ಎಂದು ಯಾರಾದರೂ ಅಪ್ಪಿತಪ್ಪಿ ಹೇಳಿದರೆ ಕಥೆ ಮುಗಿಯಿತು, ಆತ್ಮವಿಶ್ವಾಸದ ಕಾಲಂನಲ್ಲಿ ಅಡ್ಡಗೀಟು.

ಕಂಪನಿಗಳಿಗೆ ಇಂಥವರು ಬೇಕಿರಬಹುದು. ನಮಗೂ ಕೆಲಸ ಬೇಕು. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವಾಗ ಜಿ.ಡಿ. ರೌಂಡನ್ನು ಧಿಕ್ಕರಿಸುವ ಧೈರ್ಯ ನನಗಂತೂ ಇಲ್ಲ. ಆದರೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮಾತುಕತೆ ಎಂದರೆ ಇದೊಂದೇ ಎಂದು ನಾವು ನಂಬಿಬಿಡುತ್ತೇವಲ್ಲ, ನನ್ನ ತಕರಾರು ಅದರ ಬಗ್ಗೆ. ಗೆಲ್ಲುವುದಕ್ಕಲ್ಲದೆ ತಿಳಿಯುವುದಕ್ಕೆಂದೇ ಆಡುವ ಮಾತು ಇನ್ನೊಂದಿದೆ. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆಯಲ್ಲಿ ಇರುವವರು, ಮೊದಲ ವರ್ಷದ ಭೌತಶಾಸ್ತ್ರದಲ್ಲಿ ನಮ್ಮನ್ನೆಲ್ಲ ಕಾಡಿದ ಐನ್‌ಸ್ಟೀನ್.

1930ರ ಜುಲೈ 14. ಬರ್ಲಿನ್ ನಗರದಿಂದ ಸ್ವಲ್ಪ ದೂರದ ಕಾಪುತ್ ಎಂಬ ಹಳ್ಳಿ. ಅಲ್ಲಿ ಐನ್‌ಸ್ಟೀನ್ ಹಿಂದಿನ ವರ್ಷವಷ್ಟೇ ಕಟ್ಟಿಸಿಕೊಂಡಿದ್ದ ಮರದ ಮನೆಗೆ ರವೀಂದ್ರನಾಥ ಟ್ಯಾಗೋರ್ ಬಂದರು. ಒಬ್ಬರಿಗೆ 51 ವರ್ಷ, ಇನ್ನೊಬ್ಬರಿಗೆ 69. ಇಬ್ಬರಿಗೂ ಆಗಲೇ ನೊಬೆಲ್ ಬಂದಿತ್ತು, ಅಂದರೆ ಯಾರಿಗೂ ಏನನ್ನೂ ಸಾಧಿಸಿ ತೋರಿಸುವ ಅಗತ್ಯ ಇರಲಿಲ್ಲ. ಒಬ್ಬರ ಮಾತು ಜರ್ಮನ್, ಇನ್ನೊಬ್ಬರದು ಇಂಗ್ಲಿಷ್. ನಡುವೆ ಅನುವಾದಿಸುವವರು. ಇಷ್ಟೆಲ್ಲ ಅಡೆತಡೆ ಇಟ್ಟುಕೊಂಡು ಅವರು ಮಾತಿಗೆ ಎತ್ತಿಕೊಂಡ ವಿಷಯ: ಮನುಷ್ಯನೇ ಇಲ್ಲದಿದ್ದರೂ ಸತ್ಯ ಇರುತ್ತದೆಯೇ?

ಮನುಷ್ಯರೆಲ್ಲ ಇಲ್ಲವಾದರೆ ಅಪೊಲೊ ಬೆಲ್ವೆಡೇರ್ ಶಿಲ್ಪ ಸುಂದರವಾಗಿ ಉಳಿಯುವುದಿಲ್ಲವೇ ಎಂದು ಐನ್‌ಸ್ಟೀನ್ ಕೇಳಿದರು. ಇಲ್ಲ ಎಂದರು ಟ್ಯಾಗೋರ್. ಸೌಂದರ್ಯದ ಮಟ್ಟಿಗೆ ಒಪ್ಪಿದೆ, ಸತ್ಯದ ಮಟ್ಟಿಗೆ ಒಪ್ಪಲಾರೆ ಎಂದರು ಐನ್‌ಸ್ಟೀನ್. ಪೈಥಾಗೊರಸ್ ಪ್ರಮೇಯ ಮನುಷ್ಯನಿದ್ದರೂ ಇಲ್ಲದಿದ್ದರೂ ನಿಜ ಎಂಬುದು ಅವರ ನಿಲುವು. ಈ ಮನೆಯಲ್ಲಿ ಯಾರೂ ಇಲ್ಲದಿದ್ದರೂ ಈ ಮೇಜು ಇಲ್ಲೇ ಇರುತ್ತದೆ ಎಂದೂ ಹೇಳಿದರು. ಒಬ್ಬ ವ್ಯಕ್ತಿಯ ಮನಸ್ಸಿನಾಚೆ ಅದು ಇರಬಹುದು, ಎಲ್ಲರ ಮನಸ್ಸೂ ಕೂಡಿದ ದೊಡ್ಡ ಮನಸ್ಸಿನಾಚೆ ಅಲ್ಲ ಎಂದು ಟ್ಯಾಗೋರ್ ಪಟ್ಟು ಹಿಡಿದರು.

ನನಗೆ ಮುಖ್ಯವೆನಿಸಿದ್ದು ಮುಂದಿನದು. ತನ್ನ ನಂಬಿಕೆಯನ್ನು ವೈಜ್ಞಾನಿಕವಾಗಿ ಸಾಬೀತು ಮಾಡಲು ತನಗೆ ಆಗುವುದಿಲ್ಲ, ಆದರೂ ಅದನ್ನು ಗಟ್ಟಿಯಾಗಿ ನಂಬುತ್ತೇನೆ ಎಂದು ಐನ್‌ಸ್ಟೀನ್ ಒಪ್ಪಿಕೊಂಡುಬಿಟ್ಟರು. ಜಗತ್ತಿನ ಅತಿ ದೊಡ್ಡ ವಿಜ್ಞಾನಿ ಕವಿಯ ಮುಂದೆ ಕೂತು ‘ಸಾಬೀತು ಮಾಡಲಾರೆ’ ಎನ್ನುತ್ತಾರೆ! ಕೊನೆಗೆ, ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ ಎಂದು ಚಟಾಕಿಯನ್ನೂ ಹಾರಿಸುತ್ತಾರೆ. ನಮ್ಮ ತರಬೇತುದಾರರ ಹಾಳೆಯಲ್ಲಿ ಇವರಿಗೆ ಎಷ್ಟು ಅಂಕ ಬೀಳುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಟ್ಯಾಗೋರ್ ಗತಿಯೂ ಅಷ್ಟೇ. ಅವರ ಮಾತು ಬೇಗ ಮುಗಿಯುವ ಪೈಕಿ ಅಲ್ಲ.

ಅದೇ ಮಾತುಕತೆಯಲ್ಲಿ ಟ್ಯಾಗೋರ್ ಒಂದು ಹುಳುವಿನ ಪ್ರಸ್ತಾಪ ತರುತ್ತಾರೆ. ಪುಸ್ತಕ ತಿನ್ನುವ ಹುಳು. ಅದಕ್ಕೆ ಕಾಗದವಿದೆ, ಸಾಹಿತ್ಯ ಎಂಬುದೇ ಇಲ್ಲ. ಮನುಷ್ಯನಿಗಾದರೋ ಕಾಗದಕ್ಕಿಂತ ಸಾಹಿತ್ಯವೇ ಹೆಚ್ಚು ನಿಜ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ನಾವು ಕಂಪ್ಯೂಟರ್ ಸೈನ್ಸ್‌ನವರು ಈಗ ಓದುತ್ತಿರುವುದು ಇಂಥದೇ ಯಂತ್ರಗಳ ಬಗ್ಗೆ ಅಲ್ಲವೇ? ಲೋಕದ ಪುಸ್ತಕಗಳನ್ನು ರಾಶಿಗಟ್ಟಲೆ ನುಂಗಿ ಕವಿತೆ, ಪ್ರಬಂಧ, ಅಸೈನ್‌ಮೆಂಟ್ ಎಲ್ಲವನ್ನೂ ಕಕ್ಕುವ ಆ ಭಾಷಾ ಮಾದರಿಗಳಿಗೆ ಸಿಕ್ಕಿದ್ದು ಕಾಗದವೋ, ಸಾಹಿತ್ಯವೋ? ತೊಂಬತ್ತು ವರ್ಷಕ್ಕೂ ಹಿಂದೆ ಒಬ್ಬ ಕವಿ ಇಟ್ಟ ಪ್ರಶ್ನೆ ನಮ್ಮ ಸಿಲಬಸ್‌ನ ನಟ್ಟನಡುವೆ ಬಂದು ಕೂತಿದೆ. ಮಾಡ್ಯೂಲ್ ಐದರ ಕೊನೆಯಲ್ಲಿ ಮಾತ್ರ ಅದನ್ನು ಕೇಳಿಲ್ಲ.

ಆ ಬೇಸಿಗೆಯಲ್ಲಿ ಟ್ಯಾಗೋರ್ ಯುರೋಪಿಗೆ ಹೋದದ್ದು ಭಾಷಣ ಮಾಡಲಿಕ್ಕೆ ಮಾತ್ರ ಅಲ್ಲ. ಪ್ಯಾರಿಸ್, ಬರ್ಲಿನ್‌ಗಳಲ್ಲಿ ಅವರ ಚಿತ್ರಕಲಾ ಪ್ರದರ್ಶನಗಳೂ ಇದ್ದವು. ಅವರು ಚಿತ್ರ ಬರೆಯುವುದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದೇ ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಬೇಡವೆಂದು ಹೊಡೆದುಹಾಕಿದ ಸಾಲುಗಳ ಗೀಚುಗಳನ್ನೇ ಒಂದಕ್ಕೊಂದು ಸೇರಿಸುತ್ತಾ, ಅದರಿಂದ ಹಕ್ಕಿಯನ್ನೋ ವಿಚಿತ್ರ ಪ್ರಾಣಿಯನ್ನೋ ಮೂಡಿಸುತ್ತಾ ಶುರುವಾದ ಕಲೆ ಅದು. ಇಪ್ಪತ್ತೆರಡಕ್ಕೆ ಆಫರ್ ಲೆಟರ್ ಸಿಗದಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುವ ನಮ್ಮಂಥವರು ಇದನ್ನು ತಿಳಿದಿರುವುದು ಒಳ್ಳೆಯದು.

ಆಗಸ್ಟಿನಲ್ಲಿ ಅವರಿಬ್ಬರು ಮತ್ತೆ ಸಿಕ್ಕರು. ಈ ಸಲ ಮಾತು ಸಂಗೀತದ ಕಡೆ ಹೊರಳಿತು. ಐನ್‌ಸ್ಟೀನ್ ಪಿಟೀಲು ನುಡಿಸುತ್ತಿದ್ದವರು, ಟ್ಯಾಗೋರ್ ಎರಡು ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದವರು. ನಮ್ಮ ಸಂಗೀತದಲ್ಲಿ ಹಾಡುವವನಿಗೆ ಎಷ್ಟು ಸ್ವಾತಂತ್ರ್ಯ ಇದೆ ಎಂದು ಟ್ಯಾಗೋರ್ ವಿವರಿಸುತ್ತಾ ಹೋದರೆ ಐನ್‌ಸ್ಟೀನ್ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾರೆ, ಥೇಟ್ ವಿದ್ಯಾರ್ಥಿಯ ಹಾಗೆ. ಕೊನೆಯ ಹೊತ್ತಿಗೆ ಮೇಜಿನ ಮೇಲಿದ್ದ ಕೆಂಪು ಹೂವನ್ನು ತೋರಿಸಿ, ಇದು ನಿಮಗೂ ನನಗೂ ಒಂದೇ ಆಗಿರಲಿಕ್ಕಿಲ್ಲ ಎಂಬರ್ಥದ ಮಾತು ಆಡುತ್ತಾರೆ. ಜುಲೈನಲ್ಲಿ ಮೇಜು ಯಾರಿದ್ದರೂ ಇಲ್ಲದಿದ್ದರೂ ಮೇಜೇ ಎಂದು ವಾದಿಸಿದ ಮನುಷ್ಯ! ಟ್ಯಾಗೋರ್ ಗೆದ್ದರು ಎಂದು ಇದರ ಅರ್ಥವಲ್ಲ. ಮೇಜಿನ ವಿಷಯದಲ್ಲಿ ಐನ್‌ಸ್ಟೀನ್ ಕೊನೆಯವರೆಗೂ ಜಗ್ಗಲಿಲ್ಲ.

‘ಅವರಿಬ್ಬರೂ ಕೂತು ಮಾತಾಡಿದ್ದರಿಂದ ಏನಾಯ್ತು ಗುರೂ?’ ಎಂದು ನನ್ನ ಹಾಸ್ಟೆಲ್ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಅದೇ ಕಾಪುತ್ ಮನೆಯಿಂದ ಐನ್‌ಸ್ಟೀನ್ 1932ರ ಜುಲೈ 30ರಂದು ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್‌ಗೆ ಪತ್ರ ಬರೆದು, ಮನುಷ್ಯನನ್ನು ಯುದ್ಧದಿಂದ ಬಿಡಿಸಲು ದಾರಿ ಇದೆಯೇ ಎಂದು ಕೇಳಿದರು. ಫ್ರಾಯ್ಡ್ ಉದ್ದವಾದ ಉತ್ತರ ಬರೆದರು. ಎರಡೂ ಸೇರಿ 1933ರಲ್ಲಿ ಪುಸ್ತಕವಾಗಿ ಬರುವ ಹೊತ್ತಿಗೆ ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. ಐನ್‌ಸ್ಟೀನ್ 1932ರ ಡಿಸೆಂಬರಿನಲ್ಲೇ ಜರ್ಮನಿ ಬಿಟ್ಟವರು ಮತ್ತೆ ಆ ಮರದ ಮನೆಗೆ ಕಾಲಿಡಲಿಲ್ಲ. ಮಾತು ಯುದ್ಧ ನಿಲ್ಲಿಸಲಿಲ್ಲ, ಮನೆಯನ್ನೂ ಉಳಿಸಿಕೊಡಲಿಲ್ಲ. ಇದನ್ನು ಮುಚ್ಚಿಟ್ಟು ಸಂವಾದದ ಮಹಿಮೆ ಹಾಡುವುದು ನನಗೆ ಇಷ್ಟವಿಲ್ಲ.

ಆದರೆ ನಮ್ಮ ದೇಶದ್ದೇ ಇನ್ನೊಂದು ಪ್ರಸಂಗ ನೋಡಿ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ವಿರುದ್ಧ ಪ್ರವಾಸದಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಟ್ಯಾಗೋರ್‌ಗೆ ಇದು ಸಹಿಸಲಿಲ್ಲ. ಅವರೂ ಅಸ್ಪೃಶ್ಯತೆಯ ಕಡು ವಿರೋಧಿಯೇ. ಆದರೆ ಭೂಮಿ ನಡುಗುವುದಕ್ಕೆ ಭೌತಿಕ ಕಾರಣ ಮಾತ್ರ ಇರುತ್ತದೆ, ಪಾಪ ಪುಣ್ಯದ ಲೆಕ್ಕವನ್ನು ಅದಕ್ಕೆ ಅಂಟಿಸಬಾರದು ಎಂಬುದು ಅವರ ವಾದ. ನನಗೆ ಇಲ್ಲಿ ಟ್ಯಾಗೋರ್ ಕಡೆಯೇ ನ್ಯಾಯ ಕಾಣುತ್ತದೆ. ಗೋಡೆ ಕುಸಿದು ಸತ್ತ ಮಗುವಿನ ತಾಯಿಗೆ ‘ಇದು ಪಾಪದ ಫಲ’ ಎಂದರೆ ಅವಳ ಮೇಲೆ ಇನ್ನೊಂದು ಗೋಡೆ ಬಿದ್ದ ಹಾಗೆ.

ಟ್ಯಾಗೋರ್ ಪ್ರತಿಭಟಿಸಿದ ಬಗೆ ಗಮನಿಸಿ. ಪತ್ರಿಕೆಗೆ ಬರೆಯುವ ಮೊದಲು ಅವರು ಗಾಂಧೀಜಿಗೇ ಬರೆದರು. ನೀವು ಹೀಗೆ ಹೇಳಿದ್ದೀರಿ ಎಂದು ವರದಿಯಾಗಿದೆ, ನಂಬುವುದು ಕಷ್ಟವಾಗಿದೆ, ವರದಿ ನಿಜವಾಗಿದ್ದರೆ ಇದೋ ನನ್ನ ವಿರೋಧ, ನೀವೇ ಪತ್ರಿಕೆಗೆ ಕಳುಹಿಸಿ ಎಂದು! ಗಾಂಧೀಜಿ ಅದನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚು ಹಾಕಿದರು, ಪಕ್ಕದಲ್ಲಿ ತಮ್ಮ ಉತ್ತರವನ್ನೂ ಇಟ್ಟರು. ನಿಲುವು ಬದಲಿಸಲಿಲ್ಲ. ಸ್ನೇಹವೂ ಮುರಿಯಲಿಲ್ಲ. ಈಗ ನಾವು ಯಾರದೋ ಹದಿನೈದು ಸೆಕೆಂಡಿನ ವಿಡಿಯೊ ತುಣುಕು ನೋಡಿ, ಅದು ಪೂರ್ತಿಯೇ ಅರ್ಧವೇ ಎಂದು ವಿಚಾರಿಸದೆ ಕಾಮೆಂಟ್ ಒಗೆಯುವ ಕಾಲದಲ್ಲಿ, ‘ನೀವು ಹೀಗೆ ಹೇಳಿದ್ದು ನಿಜವೇ?’ ಎಂದು ಮೊದಲು ಕೇಳುವುದನ್ನು ನಾನು ಕರುಣೆಯ ಪಟ್ಟಿಯಲ್ಲೇ ಸೇರಿಸುತ್ತೇನೆ.

ದೊಡ್ಡವರ ಮಾತು ಬಿಡಿ, ನಮಗೆಲ್ಲಿ ಸಿಗುತ್ತಾರೆ ಅಂಥವರು ಎನ್ನಬೇಡಿ. ಕಳೆದ ವರ್ಷ ನಮ್ಮ ಕಾಲೇಜಿಗೆ ಯಕ್ಷಗಾನದ ಹಿರಿಯ ಭಾಗವತರೊಬ್ಬರು ಅತಿಥಿಯಾಗಿ ಬಂದಿದ್ದರು. ಅರ್ಧ ಗಂಟೆ ಹಾಡಿದರು, ಕೊನೆಗೆ ಪ್ರಶ್ನೆಗಳಿಗೆ ಐದು ನಿಮಿಷ. ಹಿಂದಿನ ಸಾಲಿನಿಂದ ಒಬ್ಬ, ‘ಸರ್, ನಿಮ್ಮ ಪ್ಯಾಕೇಜ್ ಎಷ್ಟು?’ ಎಂದ. ಸಭಾಂಗಣ ನಕ್ಕಿತು. ಭಾಗವತರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತಿರುಗಾಟದ ಆರು ತಿಂಗಳಲ್ಲಿ ಎಷ್ಟು ಸಿಗುತ್ತದೆ, ಮಳೆಗಾಲದಲ್ಲಿ ಹೇಗೆ ನಡೆಯುತ್ತದೆ ಎಂದು ನೇರವಾಗಿ ಹೇಳಿದರು. ಆಮೇಲೆ ಕೇಳಿದರು: ‘ನಿಮಗೆ ಇದಕ್ಕಿಂತ ತುಂಬ ಹೆಚ್ಚು ಸಿಗ್ತದೆ ಮಗಾ, ಸಿಗಲಿ, ಒಳ್ಳೆಯದೇ. ಅಷ್ಟು ಸಂಬಳಕ್ಕೆ ನೀವು ಮಾಡುವ ಕೆಲಸ ಎಂಥದ್ದು? ನಂಗೆ ಗೊತ್ತಿಲ್ಲ, ಅದಕ್ಕೇ ಕೇಳಿದ್ದು.’ ಎಂಟುನೂರು ಭಾವಿ ಎಂಜಿನಿಯರ್‌ಗಳಿದ್ದ ಸಭೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ನಿರೂಪಕರು ವಂದನಾರ್ಪಣೆಗೆ ಕರೆದರು.

ಅವರು ಕೇಳಿದ ಪ್ರಶ್ನೆ ಕನ್ನಡಕ್ಕೆ ಹೊಸದೂ ಅಲ್ಲ. ಹದಿನೈದನೇ ಶತಮಾನದಲ್ಲಿ ಸಂಕಲಿಸಿದ ‘ಶೂನ್ಯ ಸಂಪಾದನೆ’ ಪೂರ್ತಿ ಮಾತುಕತೆಯ ರೂಪದಲ್ಲೇ ಇದೆ. ಅದರಲ್ಲಿ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಬರುತ್ತಾನೆ. ಕೆರೆ ತೋಡಿಸುತ್ತಾ, ಗುಡಿ ಕಟ್ಟಿಸುತ್ತಾ ಇರುವ ಆತನನ್ನು ನಮ್ಮ ಸಿವಿಲ್ ಬ್ರಾಂಚಿನವರು ತಮ್ಮವನೆಂದು ಧಾರಾಳವಾಗಿ ಹೇಳಿಕೊಳ್ಳಬಹುದು. ಅಲ್ಲಿಗೆ ಬಂದ ಅಲ್ಲಮ ಕೆಣಕಿ ಮಾತಾಡುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಸಿದ್ಧರಾಮನೂ ಕೆರಳಿಯೇ ಬರುತ್ತಾನೆ, ಆದರೆ ಮಾತಿಗೆ ನಿಲ್ಲುತ್ತಾನೆ. ಕಟ್ಟುತ್ತಿರುವುದು ಗೊತ್ತು, ಕಟ್ಟುತ್ತಿರುವ ‘ನಾನು’ ಯಾರೆಂದು ಗೊತ್ತೇ ಎಂಬುದು ಅಲ್ಲಮನ ಪ್ರಶ್ನೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆ ಪ್ರಶ್ನೆ ಹಿಡಿದು ಸಿದ್ಧರಾಮ ಕಲ್ಯಾಣಕ್ಕೆ ಹೊರಡುತ್ತಾನೆ. ಕೆರೆಯೇನೂ ವ್ಯರ್ಥವಾಗಲಿಲ್ಲ, ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಕೆರೆ ಇಂದಿಗೂ ಇದೆ.

ಇಂಥ ಮಾತಿಗೆಂದೇ ನಮ್ಮಲ್ಲಿ ಜಾಗಗಳೂ ಇವೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿ ಬೆಳೆಸಿದ ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ ರೈತರು, ಮೇಷ್ಟ್ರುಗಳು, ನಟರು, ಲೇಖಕರು ಒಟ್ಟಿಗೆ ಕೂತು ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಚರ್ಚಿಸುವುದು ನಡೆದುಕೊಂಡು ಬಂದಿದೆ. ಎಂಜಿನಿಯರಿಂಗ್ ಕಾಲೇಜುಗಳು ಹ್ಯಾಕಥಾನ್‌ಗೆ ಬಸ್ ಮಾಡುವಂತೆ ಇಂಥ ಕಡೆಗೂ ಒಂದು ಬಸ್ ಮಾಡಲಿ. ಖರ್ಚು ಹೆಚ್ಚಾಗಲಾರದು.

ಅಲ್ಲಿಯವರೆಗೆ ನಾವು ಆರು ಜನ ಶನಿವಾರ ಲ್ಯಾಬ್ ಮುಗಿಸಿ ಕ್ಯಾಂಟೀನ್ ಹಿಂದಿನ ಕಟ್ಟೆಯಲ್ಲಿ ಸೇರುತ್ತಿದ್ದೇವೆ. ಕಳೆದ ವಾರ ಒಬ್ಬ ಗೆಳೆಯನ ಪ್ರಾಜೆಕ್ಟ್ ವಿಷಯ ಬಂತು. ಪೌರಕಾರ್ಮಿಕರ ಹಾಜರಾತಿಯನ್ನು ಮುಖ ಗುರುತಿಸಿ ದಾಖಲಿಸುವ ಆ್ಯಪ್. ಸಿನಾಪ್ಸಿಸ್‌ನಲ್ಲಿ ಉದ್ದೇಶ, ವಿಧಾನ, ನಿರೀಕ್ಷಿತ ಫಲಿತಾಂಶ ಎಲ್ಲಕ್ಕೂ ಕಾಲಂ ಇದೆ, ಆತ ಎಲ್ಲವನ್ನೂ ಚೆನ್ನಾಗಿ ತುಂಬಿದ್ದಾನೆ. ಎಲೆಕ್ಟ್ರಾನಿಕ್ಸ್ ಬ್ರಾಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಬೆಳಗಿನ ಕತ್ತಲಲ್ಲಿ, ತಲೆಗೆ ಮೂಗಿಗೆ ಬಟ್ಟೆ ಸುತ್ತಿಕೊಂಡು ಗುಡಿಸೋಕೆ ಬಂದವಳ ಮುಖ ನಿನ್ನ ಕ್ಯಾಮೆರಾಗೆ ಗೊತ್ತಾಗ್ಲಿಲ್ಲ ಅಂದ್ರೆ, ಅವಳ ಆ ದಿನದ ಕೂಲಿ ಯಾರು ಕೊಡ್ತಾರೆ?’ ಅವನು ಮಾಡೆಲ್‌ನ ನಿಖರತೆಯ ಬಗ್ಗೆ ಏನೋ ಹೇಳಲು ಹೊರಟು ನಿಲ್ಲಿಸಿದ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟುಕೊಂಡು ಎದ್ದು, ನಮ್ಮ ಕಾಲೇಜು ರಸ್ತೆ ಗುಡಿಸುವವರನ್ನೇ ಕೇಳಿ ಬರುತ್ತೇನೆಂದು ಅವನು ಹೋದ.